ಸಂಘದ ಹೊಣೆ ಹೊತ್ತವರೆಲ್ಲ ಒಂದೇ ಕ್ರೂಸರ್‌ನಲ್ಲಿ ಬೇಡ

ತರಬೇತಿ, ಅಧ್ಯಯನ ಪ್ರವಾಸ, ಒಕ್ಕೂಟದ ವಾರ್ಷಿಕ ಸಭೆ, ಹುಣ್ಣಿಮೆಗೆ ಹುಲಿಗಿ. ಮಹಿಳಾ ಸಂಘದವರು ಒಟ್ಟಾಗಿ ಹೊರಡುವ ಸಂದರ್ಭಗಳು ವರ್ಷಕ್ಕೆ ಹಲವು ಬರುತ್ತವೆ. ಬಾಡಿಗೆ ಉಳಿಯಲಿ, ಜೊತೆಯೂ ಇರಲಿ ಎಂದು ಒಂದೇ ಕ್ರೂಸರ್ ಮಾಡಿಕೊಳ್ಳುತ್ತೇವೆ. ಅಧ್ಯಕ್ಷರು, ಕಾರ್ಯದರ್ಶಿ, ಹಾಲು ಪರೀಕ್ಷಕಿ, ಕೃತಕ ಗರ್ಭಧಾರಣೆ ಕಾರ್ಯಕರ್ತೆ ಎಲ್ಲರೂ ಅದರಲ್ಲೇ ಕೂರುತ್ತಾರೆ. ಅವರು ಬರುವುದು ತಡವಾದರೆ ಸಂಜೆಯ ಹಾಲು ಅಳೆಯಲು ಊರಿನಲ್ಲಿ ಯಾರಿಗೆ ಬರುತ್ತದೆ? ಗಾಡಿ ಹತ್ತುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ದೊಡ್ಡ ಕಂಪನಿಗಳೂ ಈ ಪ್ರಶ್ನೆಯನ್ನು ಮರೆತು ಪೆಟ್ಟು ತಿಂದಿವೆ. ಸಂಡೂರಿನ ಗುಡ್ಡಗಳ ಕಬ್ಬಿಣದ ಅದಿರು ನಮಗೆಲ್ಲ ಗೊತ್ತು. ಅಂಥದೇ ಅದಿರಿನ ಕೆಲಸಕ್ಕೆ ಆಫ್ರಿಕಾಕ್ಕೆ ಹೋಗಿದ್ದ ಆಸ್ಟ್ರೇಲಿಯಾದ ಕಂಪನಿ ಸನ್‌ಡ್ಯಾನ್ಸ್ ರಿಸೋರ್ಸಸ್. 2010ರ ಜೂನ್ 19ರಂದು ಅದರ ಆಡಳಿತ ಮಂಡಳಿಯವರೆಲ್ಲ ಗಣಿ ಪ್ರದೇಶ ನೋಡಲು ಕ್ಯಾಮರೂನ್ ದೇಶದಿಂದ ಒಂದೇ ಬಾಡಿಗೆ ವಿಮಾನದಲ್ಲಿ ಹೊರಟರು. ವಿಮಾನ ಕಾಂಗೋದ ಕಾಡಿನಲ್ಲಿ ಬಿದ್ದು, ಅದರಲ್ಲಿದ್ದ 11 ಜನರೂ ತೀರಿಕೊಂಡರು. ಅಧ್ಯಕ್ಷ, ವ್ಯವಸ್ಥಾಪಕ ನಿರ್ದೇಶಕ, ಕಂಪನಿ ಕಾರ್ಯದರ್ಶಿ ಎಲ್ಲರನ್ನೂ ಕಂಪನಿ ಒಂದೇ ದಿನ ಕಳೆದುಕೊಂಡಿತು. ಷೇರು ವಹಿವಾಟು ನಿಲ್ಲಿಸಬೇಕಾಯಿತು. ಹಿಂದೆ ಅಧ್ಯಕ್ಷರಾಗಿದ್ದವರನ್ನು ಮತ್ತೆ ಕರೆತಂದು ಕೂರಿಸಬೇಕಾಯಿತು.

ನಮ್ಮ ದೇಶದ್ದೇ ಇನ್ನೊಂದು ಘಟನೆ ನಿಮಗೆ ನೆನಪಿರಬಹುದು. 2021ರ ಡಿಸೆಂಬರ್ 8ರಂದು ತಮಿಳುನಾಡಿನ ಕೂನೂರು ಬಳಿ ಸೇನಾ ಹೆಲಿಕಾಪ್ಟರ್ ಬಿದ್ದು, ಮೂರೂ ಸೇನೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ತೀರಿಕೊಂಡರು. ಅವರ ಪತ್ನಿಯೂ, ನಿತ್ಯದ ಕೆಲಸದಲ್ಲಿ ಅವರ ಜೊತೆಗಿದ್ದ ಹಿರಿಯ ಅಧಿಕಾರಿಗಳೂ ಅದೇ ಹೆಲಿಕಾಪ್ಟರ್‌ನಲ್ಲಿದ್ದರು. ಆ ಹುದ್ದೆಗೆ ಹೊಸಬರು ಬಂದದ್ದು 2022ರ ಸೆಪ್ಟೆಂಬರ್ 30ರಂದು, ಅಂದರೆ ಒಂಬತ್ತು ತಿಂಗಳು ಕಳೆದ ಮೇಲೆ.

ಇದಕ್ಕೇ ಅನೇಕ ಕಂಪನಿಗಳು ಒಂದು ನಿಯಮ ಮಾಡಿಕೊಂಡಿವೆ: ಮುಖ್ಯ ಹೊಣೆಯವರು ಇಷ್ಟು ಜನಕ್ಕಿಂತ ಹೆಚ್ಚು ಒಂದೇ ವಾಹನದಲ್ಲಿ ಹೋಗಬಾರದು. ಒಬ್ಬರ ಕೆಲಸ ಬಲ್ಲ ಇನ್ನೊಬ್ಬರು ಬೇರೆ ವಾಹನದಲ್ಲಿರಬೇಕು, ಇಲ್ಲವೇ ಊರಿನಲ್ಲಿ ಉಳಿಯಬೇಕು.

ನಮ್ಮ ಸಂಘಕ್ಕೆ ಇದು ಯಾಕೆ ಬೇಕು? ಅಪಘಾತವೇ ಆಗಬೇಕೆಂದಿಲ್ಲ. ಸಂಡೂರು ದಾರಿಯಲ್ಲಿ ಅದಿರು ಲಾರಿಗಳು ಸಾಲುಗಟ್ಟಿ ನಿಂತರೆ, ದಾರಿಯಲ್ಲಿ ಟೈರ್ ಒಡೆದರೆ, ತಿಂದ ಊಟ ಎಲ್ಲರಿಗೂ ಕೆಟ್ಟರೆ ಸಾಕು. ಆಗ ಏನಾಗುತ್ತದೆ ನೋಡಿ:

ಹಾಲು: ಕರೆದ ಹಾಲು ಯಾರಿಗೂ ಕಾಯುವುದಿಲ್ಲ. ಜಿಡ್ಡು, ಎಸ್‌ಎನ್‌ಎಫ್ ನೋಡಿ ಚೀಟಿ ಕೊಡುವವರಿಲ್ಲದಿದ್ದರೆ ಶೇಖರಣೆ ನಿಲ್ಲುತ್ತದೆ. ನಮ್ಮ ಕಡೆಯ ಬಿಸಿಲಿಗೆ, ತಂಪು ಮಾಡದ ಹಾಲು ಕೆಲವೇ ಗಂಟೆಗಳಲ್ಲಿ ಹುಳಿಯಾಗುತ್ತದೆ. ನಷ್ಟ ಊರಿನ ಎಲ್ಲ ಮನೆಗೂ.

ಬಟವಾಡೆ: ಚೆಕ್ಕಿಗೆ ಸಹಿ ಮಾಡುವ ಇಬ್ಬರೂ ಒಟ್ಟಿಗೆ ಆಸ್ಪತ್ರೆ ಸೇರಿದರೆ ಹಣ ಬ್ಯಾಂಕಿನಲ್ಲೇ ಉಳಿಯುತ್ತದೆ. ಹೊಸ ಸಹಿ ನೋಂದಾಯಿಸಲು ಸಭೆ ಸೇರಬೇಕು, ಠರಾವು ಮಾಡಬೇಕು, ಕಾಗದಪತ್ರ ಕೊಡಬೇಕು. ಅಷ್ಟು ದಿನ ಹಿಂಡಿ, ಬೂಸಾಕ್ಕೆ ದುಡ್ಡು ಎಲ್ಲಿಂದ?

ಬೆದೆ: ಬೆಳಿಗ್ಗೆ ಬೆದೆಗೆ ಬಂದ ಹಸುವಿಗೆ ಅಂದೇ ಸಂಜೆ ಕೃತಕ ಗರ್ಭಧಾರಣೆ ಮಾಡಿಸಬೇಕು. ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಆ 21 ದಿನದ ಮೇವಿನ ಖರ್ಚು ನಮ್ಮದೇ.

ಹಾಗೆಂದು ಯಾರೂ ಹೋಗಬಾರದು ಎಂದಲ್ಲ. ತರಬೇತಿಗೂ ಹೋಗಬೇಕು, ಜಾತ್ರೆಗೂ ಹೋಗಬೇಕು. ಹೋಗುವ ರೀತಿ ಬದಲಾಗಬೇಕು:

1. ಅಧ್ಯಕ್ಷರು ಮತ್ತು ಕಾರ್ಯದರ್ಶಿ ಒಂದೇ ಗಾಡಿಯಲ್ಲಿ ಹೋಗುವುದು ಬೇಡ. ಒಬ್ಬರು ಬಸ್ಸಿಗೆ ಹೋಗಲಿ.

2. ಕಾರ್ಯದರ್ಶಿ ಹೊರಟ ದಿನ ಪರೀಕ್ಷಕಿ ಊರಿನಲ್ಲಿರಲಿ, ಪರೀಕ್ಷಕಿ ಹೊರಟ ದಿನ ಕಾರ್ಯದರ್ಶಿ ಇರಲಿ. ಅಧ್ಯಯನ ಪ್ರವಾಸವನ್ನು ಎರಡು ತಂಡವಾಗಿ, ಎರಡು ದಿನ ಮಾಡಬಹುದು.

3. ಗರ್ಭಧಾರಣೆ ಕಾರ್ಯಕರ್ತೆ ಹೊರಡುವ ಮುಂಚೆ ಪಕ್ಕದ ಊರಿನ ಕಾರ್ಯಕರ್ತರಿಗೆ ಹೇಳಿ ಹೋಗಲಿ. ಅವರ ಫೋನ್ ನಂಬರ್ ಸಂಘದ ಗೋಡೆಯ ಮೇಲಿರಲಿ.

4. ಬೀರುವಿನ ಕೀಲಿ, ಕಂಪ್ಯೂಟರ್‌ನ ಪಾಸ್‌ವರ್ಡ್, ಜನರೇಟರ್ ಚಾಲೂ ಮಾಡುವ ಕ್ರಮ ಇವು ಒಬ್ಬರ ತಲೆಯಲ್ಲಿ, ಒಬ್ಬರ ಸೆರಗಿನ ಗಂಟಿನಲ್ಲಿ ಮಾತ್ರ ಇರಬಾರದು. ಪಾಸ್‌ವರ್ಡನ್ನು ಲಕೋಟೆಯಲ್ಲಿಟ್ಟು ಅಂಟಿಸಿ, ಆಡಳಿತ ಮಂಡಳಿ ಗೊತ್ತುಪಡಿಸಿದ ನಿರ್ದೇಶಕಿಯ ಕೈಗೆ ಕೊಡಿ.

5. ತುರ್ತಿನಲ್ಲಿ ಚೆಕ್ಕಿಗೆ ಯಾರು ಸಹಿ ಮಾಡಬಹುದು ಎಂಬುದನ್ನು ಉಪವಿಧಿ ನೋಡಿ, ವಿಸ್ತರಣಾಧಿಕಾರಿಗಳನ್ನು ಕೇಳಿ, ಮೊದಲೇ ಠರಾವು ಮಾಡಿಡಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು, ಪ್ರತಿ ಕೆಲಸಕ್ಕೂ ಎರಡನೆಯ ಕೈಯನ್ನು ತಯಾರು ಮಾಡುವುದು. ಹಾಲು ಪರೀಕ್ಷೆ ಒಬ್ಬಳಿಗೇ ಬರುವುದಾದರೆ ಎಷ್ಟು ಗಾಡಿ ಮಾಡಿದರೂ ಪ್ರಯೋಜನವಿಲ್ಲ. ಆಸಕ್ತಿಯಿರುವ ಸದಸ್ಯೆಯೊಬ್ಬರು, ಇಲ್ಲವೇ ಓದಿದ ಮಗಳು ಸೊಸೆಯೊಬ್ಬರು ತಿಂಗಳಿಗೆ ನಾಲ್ಕು ದಿನ ಪರೀಕ್ಷಕಿಯ ಪಕ್ಕದಲ್ಲಿ ಕೂತು ಕಲಿಯಲಿ. ತನಗೆ ಗೊತ್ತಿರುವುದನ್ನು ಇನ್ನೊಬ್ಬರಿಗೆ ಕಲಿಸಿದರೆ ತನ್ನ ಜಾಗ ಹೋಗುತ್ತದೆ ಎಂಬ ಅಂಜಿಕೆ ಕೆಲವರಲ್ಲಿದೆ. ಕಲಿಸಿದವರೇ ನೆಮ್ಮದಿಯಾಗಿ ತವರಿಗೆ ಹೋಗಿ ಎರಡು ದಿನ ಇದ್ದು ಬರಬಲ್ಲರು ಎಂಬುದನ್ನು ಅವರಿಗೆ ಹೇಳಿ.

ಈ ಮಾತು ಮನೆಗೂ ಸಲ್ಲುತ್ತದೆ. ಗಂಡ ಹೆಂಡತಿ ಇಬ್ಬರೂ ಮದುವೆಗೆ ಹೋದರೆ ಹಸು ಕರೆಯುವವರು ಯಾರು? ಕೆಲವು ಹಸುಗಳು ಹೊಸ ಕೈಗೆ ಹಾಲು ಬಿಡುವುದಿಲ್ಲ. ಕರೆಯದೆ ಬಿಟ್ಟರೆ ಕೆಚ್ಚಲು ಬಾವಿನ ಭಯ. ಆದ್ದರಿಂದ ಮನೆಯಲ್ಲಿ ಇನ್ನೊಬ್ಬರ ಕೈಯನ್ನೂ ಹಸುವಿಗೆ ಈಗಿನಿಂದಲೇ ರೂಢಿ ಮಾಡಿಸಿ.

ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಸಂಘದ ಒಂದೊಂದೇ ಕೆಲಸ ಬರೆಯಿರಿ, ಬಲಗಡೆ ಅದನ್ನು ಬಲ್ಲವರ ಹೆಸರು. ಎಲ್ಲಿ ಒಂದೇ ಹೆಸರಿದೆಯೋ ಅಲ್ಲಿಂದ ಕಲಿಸುವ ಕೆಲಸ ಶುರುವಾಗಲಿ.