ಸಂಪು, ಮೋಟರು ಮತ್ತು ರೌಟರಿನ ಎರಡು ಪಿನ್ನು

ನಿಮ್ಮ ಮನೆಯ ವೈಫೈ ರೌಟರನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ಮುಂದೆ ನಾಲ್ಕೈದು ಪುಟ್ಟ ದೀಪ, ಹಿಂದೆ ಗುಂಡುಪಿನ್ನು ತೂರಿಸಿ ಒತ್ತುವ ರೀಸೆಟ್ ಗುಂಡಿ. ಒಳಗಿರುವ ಮುಖ್ಯ ಚಿಪ್ಪಿನ ಹತ್ತಾರು ಲೋಹದ ಕಾಲುಗಳಲ್ಲಿ ಒಂದು ಆ ಗುಂಡಿಗೆ ಹೋಗುತ್ತದೆ, ಕೆಲವು ಆ ದೀಪಗಳಿಗೆ. ಗುಂಡಿ ಒತ್ತಿದೆಯೋ ಇಲ್ಲವೋ ಎಂದು ಚಿಪ್ಪು ಓದಿಕೊಳ್ಳುವುದು ಡಿಜಿಟಲ್ ಇನ್‌ಪುಟ್. ದೀಪ ಹೊತ್ತಲಿ ಅಥವಾ ಆರಲಿ ಎಂದು ಅದು ಆಜ್ಞೆ ಕೊಡುವುದು ಡಿಜಿಟಲ್ ಔಟ್‌ಪುಟ್. ಎರಡಕ್ಕೂ ಇರುವುದು ಎರಡೇ ಸ್ಥಿತಿ: 0 ಅಥವಾ 1. ಎರಡೂ ಕೆಲಸಕ್ಕೆ ಒಗ್ಗುವ ಇಂಥ ಕಾಲುಗಳಿಗೆ ಜಿಪಿಐಒ ಪಿನ್ ಎಂದು ಹೆಸರು. ಯಾವ ಪಿನ್ನು ಓದಬೇಕು, ಯಾವುದು ಆಜ್ಞೆ ಕೊಡಬೇಕು ಎಂಬುದನ್ನು ತಂತ್ರಾಂಶದಲ್ಲಿ ನಾವೇ ಗೊತ್ತುಮಾಡಬಹುದು.

ಸಾಮಾನ್ಯ ರೌಟರಿನಲ್ಲಿ ಮಿಕ್ಕ ಪಿನ್ನುಗಳು ಪೆಟ್ಟಿಗೆಯೊಳಗೇ ಉಳಿದುಬಿಡುತ್ತವೆ. ಅವನ್ನು ಹೊರಗಿನವರ ಕೈಗೆ ಸಿಗುವಂತೆ ಮಾಡಿದ ರೌಟರುಗಳಲ್ಲಿ ಒಂದು ಕೀನ್ಯಾದ ರಾಜಧಾನಿ ನೈರೋಬಿಯಲ್ಲಿ ಹುಟ್ಟಿತು. ಹೆಸರು ಬ್ರಿಕ್. ಇಟ್ಟಿಗೆಯ ಆಕಾರದ ಗಟ್ಟಿಮುಟ್ಟಾದ ಕಪ್ಪು ಪೆಟ್ಟಿಗೆ.

ಅದನ್ನು ರೂಪಿಸಿದವರು ಉಶಾಹಿದಿ ಬಳಗದವರು. 2007ರ ಡಿಸೆಂಬರ್ ಚುನಾವಣೆಯ ನಂತರ ಕೀನ್ಯಾದಲ್ಲಿ ಹಿಂಸೆ ಭುಗಿಲೆದ್ದಾಗ, ಎಲ್ಲಿ ಏನಾಗುತ್ತಿದೆ ಎಂದು ಜನ ಕಳಿಸಿದ ಸುದ್ದಿಯನ್ನು ನಕಾಶೆಯ ಮೇಲೆ ಗುರುತಿಸಲು 2008ರ ಆರಂಭದಲ್ಲಿ ಕಟ್ಟಿದ ತಂತ್ರಾಂಶ ಉಶಾಹಿದಿ. ಅದೇ ಗುಂಪಿನ ಪ್ರಯತ್ನದಿಂದ 2010ರಲ್ಲಿ ನೈರೋಬಿಯ ಎನ್‌ಗಾಂಗ್ ರಸ್ತೆಯಲ್ಲಿ ಐಹಬ್ ಎಂಬ ತಾಣ ತೆರೆಯಿತು. ಊರಿನ ಪ್ರೋಗ್ರಾಮರುಗಳೆಲ್ಲ ಸೇರುವ ಜಾಗ ಅದಾಯಿತು. 2009ರಲ್ಲಿ ಸಮುದ್ರದಡಿಯ ಕೇಬಲ್‌ಗಳು ಮೊಂಬಾಸಾ ತೀರಕ್ಕೆ ಬಂದು ಇಂಟರ್ನೆಟ್ ವೇಗವಾಗಿತ್ತು ನಿಜ, ಆದರೆ ಕರೆಂಟು ಹೋದರೆ ರೌಟರು ಆರುತ್ತಿತ್ತು, ಅದರೊಂದಿಗೆ ಕೆಲಸವೂ ನಿಲ್ಲುತ್ತಿತ್ತು. ಜೂಲಿಯಾನಾ ರೋಟಿಚ್, ಎರಿಕ್ ಹರ್ಸ್‌ಮನ್ ಮತ್ತು ಜೊತೆಗಾರರು 2013ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ 1.25 ಲಕ್ಷ ಡಾಲರ್ ಬೇಡಿದರು, 1.72 ಲಕ್ಷ ಡಾಲರಿಗೂ ಹೆಚ್ಚು ಕೂಡಿಬಂತು. ಎಂಟು ತಾಸು ನಡೆಯುವ ಬ್ಯಾಟರಿ, ಈಥರ್ನೆಟ್ ಕೈಕೊಟ್ಟರೆ ತಾನಾಗಿ ಸಿಮ್ಮಿಗೆ ಹೊರಳುವ ಗುಣ, ಸುಮಾರು 20 ಸಾಧನಗಳಿಗೆ ವೈಫೈ, ಇವು ಅದರ ಮುಖ್ಯ ಲಕ್ಷಣಗಳು. ಜೊತೆಗೆ ಸೆನ್ಸರ್ ಸಿಕ್ಕಿಸಿಕೊಳ್ಳಲು ಜಿಪಿಐಒ.

ಬ್ಯಾಟರಿಯನ್ನು ಎಲ್ಲರೂ ಹೊಗಳಿದರು, ಪಿನ್ನಿನ ಕಡೆ ನೋಡಿದವರು ಕಡಿಮೆ. ಆದರೆ ಇವೆರಡನ್ನು ಜೊತೆಗಿಟ್ಟು ನೋಡಿದಾಗಲೇ ಆ ವಿನ್ಯಾಸದ ಜಾಣತನ ತಿಳಿಯುವುದು. ಕರೆಂಟು ಹೋಯಿತು ಎಂಬ ಸುದ್ದಿಯನ್ನು ಕಳಿಸಬೇಕಾದದ್ದು ಕರೆಂಟು ಹೋದ ಮೇಲೂ ಬದುಕಿರುವ ಯಂತ್ರ. ಗೋಡೆಯ ಪ್ಲಗ್ಗಿಗೆ ಒಂದು ರಿಲೇ, ಅಂದರೆ ವಿದ್ಯುತ್ತಿನಿಂದ ಎಳೆದು ಬಿಡುವ ಸ್ವಿಚ್ಚು, ಸಿಕ್ಕಿಸಿ, ಅದರ ಕಾಂಟ್ಯಾಕ್ಟಿನ ಎರಡು ತಂತಿಗಳನ್ನು ಬ್ಯಾಟರಿಯಿರುವ ರೌಟರಿನ ಇನ್‌ಪುಟ್ಟಿಗೆ ತಂದರೆ ಸಾಕು: ವಿದ್ಯುತ್ ನಿಂತ ಕ್ಷಣ ರಿಲೇ ಬಿಡುತ್ತದೆ, ಇನ್‌ಪುಟ್ ಬದಲಾಗುತ್ತದೆ, ಎಸ್‌ಎಂಎಸ್ ಹೊರಡುತ್ತದೆ. ಲಸಿಕೆ ಇಟ್ಟ ಫ್ರಿಜ್ಜಿರುವ ಆಸ್ಪತ್ರೆಗೆ ಈ ಒಂದು ಸಾಲಿನ ಸಂದೇಶದ ಬೆಲೆ ಏನೆಂದು ಬೇರೆ ಹೇಳಬೇಕಿಲ್ಲ.

ನೈರೋಬಿಯಲ್ಲಿ ಇನ್‌ಪುಟ್ಟು, ಔಟ್‌ಪುಟ್ಟು ಜನರ ದಿನದ ಬದುಕಿಗೇ ಇಳಿದಿವೆ. 2015ರಲ್ಲಿ ನಗರದ ನೀರು ಸರಬರಾಜು ಕಂಪನಿ ಡೆನ್ಮಾರ್ಕಿನ ಗ್ರಂಡ್‌ಫೋಸ್ ಜೊತೆ ಸೇರಿ ಮಥಾರೆ ಎಂಬ ಬಡವರ ಬಡಾವಣೆಯಲ್ಲಿ ನೀರಿನ ಎಟಿಎಂ ಇಟ್ಟಿತು. ಆಗ ಕಾರ್ಡು ತೋರಿಸಿದರೆ 20 ಲೀಟರಿನ ಕ್ಯಾನಿಗೆ ಅರ್ಧ ಶಿಲ್ಲಿಂಗ್ ಇತ್ತು. ಇಂಥ ಯಂತ್ರದಲ್ಲಿ ಹರಿದ ನೀರನ್ನು ಅಳೆಯುವ ಮೀಟರಿನ ಮಿಡಿತಗಳು ಇನ್‌ಪುಟ್, ವಾಲ್ವು ತೆರೆದು ಮುಚ್ಚುವುದು ಔಟ್‌ಪುಟ್. 2012ರಲ್ಲಿ ಇದೇ ನಗರದಿಂದ ಶುರುವಾದ ಎಂ-ಕೋಪಾ ಎಂಬ ಕಂಪನಿ ಕಂತಿನ ಮೇಲೆ ಸೌರದೀಪ ಮಾರತೊಡಗಿತು. ಪೆಟ್ಟಿಗೆಯೊಳಗೆ ಸಿಮ್ ಇತ್ತು. ಎಂ-ಪೆಸಾ ಎಂಬ ಮೊಬೈಲ್ ಹಣದ ಸೇವೆಯಲ್ಲಿ ದಿನದ ಕಂತು ಕಟ್ಟಿದರೆ ದೀಪ ಹೊತ್ತುತ್ತಿತ್ತು, ಬಾಕಿಯಾದರೆ ಆಫಾಗುತ್ತಿತ್ತು. ಒಂದು ಔಟ್‌ಪುಟ್ಟಿನ ಮೇಲೆ ಇಡೀ ವ್ಯಾಪಾರ ನಿಂತಿತ್ತು. ಮನೆಯವರ ರಾತ್ರಿಯ ಬೆಳಕು ದೂರದ ಸರ್ವರಿನ ಕೈಯಲ್ಲಿರುವುದು ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಆದರೆ ಸೀಮೆಎಣ್ಣೆಯ ಹೊಗೆಯಿಂದ ಎಷ್ಟೋ ಮನೆಗಳು ಪಾರಾದದ್ದು ಈ ಏರ್ಪಾಟಿನಿಂದ ಎಂಬುದನ್ನೂ ಮರೆಯಲಾಗದು.

ಈಗ ಒಂದು ಅಪಾರ್ಟ್‌ಮೆಂಟನ್ನು ಊಹಿಸಿಕೊಳ್ಳೋಣ. ಬೆಂಗಳೂರಿನದ್ದಾದರೂ ಆಗಬಹುದು, ನೈರೋಬಿಯದ್ದಾದರೂ ಸರಿ. ನೈರೋಬಿಯ ನೀರಿನ ಬಹುಪಾಲು ಎನ್‌ಡಕೈನಿ ಅಣೆಕಟ್ಟಿನಿಂದ ಬರುತ್ತದೆ. 2017ರ ಬರದಲ್ಲಿ ಅದರ ನೀರು ಇಳಿದು ನಗರಕ್ಕೆ ರೇಷನ್ ಬಂತು. ಬಡಾವಣೆಗೆ ನೀರು ವಾರದ ಕೆಲವು ದಿನ ಮಾತ್ರ. ಬಂದಾಗ ಸಂಪಿನಲ್ಲಿ ತುಂಬಿಸಿಕೊಂಡು ಮೋಟರಿನಿಂದ ಮೇಲಿನ ಟ್ಯಾಂಕಿಗೆ ಏರಿಸಬೇಕು. ಸಂಪು ಬರಿದಾದ ಮೇಲೂ ಮೋಟರು ಓಡಿದರೆ ಅದು ಕೆಡುವುದು ಖಂಡಿತ. ಸಿಮ್ ಹಾಕಿದ ರೌಟರಿನ ಒಂದು ಇನ್‌ಪುಟ್, ಒಂದು ಔಟ್‌ಪುಟ್ ಇದನ್ನು ನೋಡಿಕೊಳ್ಳಬಲ್ಲವು.

ಮೊದಲು ಇನ್‌ಪುಟ್. ಸಂಪಿನೊಳಗೆ, ನೀರಿನ ಮಟ್ಟದೊಂದಿಗೆ ಏರಿಳಿದು ತೆರೆದು ಮುಚ್ಚುವ ಫ್ಲೋಟ್ ಸ್ವಿಚ್ ಇಳಿಬಿಟ್ಟಿದೆ ಎನ್ನಿ. ಅದರ ತಂತಿಯನ್ನು ನೇರ ಪಿನ್ನಿಗೆ ಕೊಟ್ಟರೆ ಸ್ವಿಚ್ಚು ತೆರೆದಿರುವಾಗ ಪಿನ್ನು ಎಲ್ಲಿಗೂ ಸೇರದೆ ತೇಲುತ್ತಿರುತ್ತದೆ. ಆಗ ಅದು 0 ಎಂದೂ ಓದಬಹುದು, 1 ಎಂದೂ ಓದಬಹುದು. ಅದಕ್ಕೇ ಒಂದು ರೆಸಿಸ್ಟರ್ ಹಾಕಿ ಪಿನ್ನನ್ನು 3.3 ವೋಲ್ಟಿನ ಕಡೆಗೆ ಎಳೆದಿಡುತ್ತಾರೆ. ಇದು ಪುಲ್-ಅಪ್. ಸ್ವಿಚ್ಚು ಮುಚ್ಚಿದರೆ ಪಿನ್ನು ಗ್ರೌಂಡಿಗೆ ತಾಗಿ 0, ತೆರೆದರೆ 1.

ಇನ್ನು ತೀರ್ಮಾನ ನಮ್ಮದು. ನೀರಿದ್ದಾಗ ಸ್ವಿಚ್ಚು ಮುಚ್ಚಿರಬೇಕೋ, ತೆರೆದಿರಬೇಕೋ? ಹೇಗಿದ್ದರೂ ತಂತ್ರಾಂಶದಲ್ಲಿ ತಿರುವಿಕೊಳ್ಳಬಹುದಲ್ಲ ಎನಿಸುತ್ತದೆ. ಆದರೆ ಇಲಿ ತಂತಿ ಕಡಿದರೆ ಏನಾಗುತ್ತದೆ ಎಂದು ಕೇಳಿಕೊಳ್ಳಿ. ಕಡಿದ ತಂತಿ ತೆರೆದ ಸ್ವಿಚ್ಚಿಗೆ ಸಮ, ಪಿನ್ನು 1 ಓದುತ್ತದೆ. ಹಾಗಾಗಿ 1 ಎಂದರೆ ‘ನೀರಿಲ್ಲ, ಮೋಟರು ನಿಲ್ಲಿಸು’ ಎಂದೇ ಇರಬೇಕು. ನೀರಿದ್ದಾಗ ಸ್ವಿಚ್ಚು ಮುಚ್ಚಿರುವ ಹಾಗೆ ಫ್ಲೋಟನ್ನು ಕಟ್ಟಬೇಕು. ತಂತಿ ಕಡಿದ ದಿನ ಟ್ಯಾಂಕು ತುಂಬುವುದಿಲ್ಲ, ವಾಚ್‌ಮನ್ ಬಂದು ನೋಡುತ್ತಾನೆ. ತಿರುವುಮುರುವಾಗಿ ಕಟ್ಟಿದ್ದರೆ ‘ನೀರಿದೆ’ ಎಂಬ ಸುಳ್ಳು ಓದುತ್ತಲೇ ಮೋಟರು ಸುಟ್ಟುಹೋಗುತ್ತಿತ್ತು. ಕಾನ್ಫಿಗರ್ ಮಾಡುವುದೆಂದರೆ ಮೆನುವಿನಲ್ಲಿ ಟಿಕ್ ಹಾಕುವುದಷ್ಟೇ ಎಂದುಕೊಂಡವರು ಎಡವುವುದು ಇಲ್ಲೇ.

ನೀರು ತುಳುಕಿದರೆ ಫ್ಲೋಟು ಮೇಲೆ ಕೆಳಗೆ ಆಡುತ್ತದೆ, ಇನ್‌ಪುಟ್ಟು 0-1-0-1 ಎಂದು ಕುಣಿಯುತ್ತದೆ. ಪ್ರತಿ ಸಲವೂ ಎಸ್‌ಎಂಎಸ್ ಹೋದರೆ ಸಿಮ್ಮಿನ ದುಡ್ಡು ಖಾಲಿ. ಸ್ಥಿತಿ ಬದಲಾಗಿ ಐದಾರು ಸೆಕೆಂಡು ಹಾಗೇ ನಿಂತರೆ ಮಾತ್ರ ನಂಬು ಎಂದು ಹೇಳಿಕೊಡಬೇಕು. ಇನ್ನು ತಂತಿ ಉದ್ದವಿದ್ದರೆ, ಅದರಲ್ಲೂ ತಾರಸಿಯಿಂದ ಬಂದರೆ, ಗುಡುಗು ಮಿಂಚಿನ ದಿನ ಅದೇ ಚಿಪ್ಪಿಗೆ ಶತ್ರು. ನಡುವೆ ಆಪ್ಟೋಕಪ್ಲರ್ ಇದ್ದರೆ ಸಂಕೇತ ಬೆಳಕಾಗಿ ದಾಟುತ್ತದೆ, ತಂತಿಗೂ ಚಿಪ್ಪಿಗೂ ನೇರ ಸಂಪರ್ಕವಿರುವುದಿಲ್ಲ. ಕಾರ್ಖಾನೆಗಳಿಗೆಂದು ಮಾಡಿದ ಕೆಲವು ರೌಟರುಗಳಲ್ಲಿ ಇದು ಒಳಗೇ ಬರುತ್ತದೆ.

ಔಟ್‌ಪುಟ್ಟಿನಲ್ಲಿ ಹೆಚ್ಚು ಎಚ್ಚರ ಬೇಕು. ಚಿಪ್ಪಿನ ಪಿನ್ನು ಕೊಡುವುದು ಕೆಲವೇ ಮಿಲಿಆಂಪಿಯರ್. ಪುಟ್ಟ ರಿಲೇಯ ಕಾಯಿಲ್ಲಿಗೂ ಅದು ಸಾಲದು. ನಡುವೆ ಟ್ರಾನ್ಸಿಸ್ಟರ್ ಬೇಕು. ಲಿಥುವೇನಿಯಾದ ಟೆಲ್ಟೋನಿಕಾ ರೌಟರುಗಳಲ್ಲಿ ಹಲವಕ್ಕೆ ಪವರ್ ಸಾಕೆಟ್ಟಿನಲ್ಲೇ ನಾಲ್ಕು ಪಿನ್ನಿರುತ್ತವೆ: ಎರಡು ವಿದ್ಯುತ್ತಿಗೆ, ಒಂದು ಇನ್‌ಪುಟ್ಟಿಗೆ, ಒಂದು ಔಟ್‌ಪುಟ್ಟಿಗೆ. ಆ ಔಟ್‌ಪುಟ್ಟು ಓಪನ್ ಕಲೆಕ್ಟರ್ ಜಾತಿಯದು, ಮಿತಿ 30 ವೋಲ್ಟ್, 300 ಮಿಲಿಆಂಪಿಯರ್. ಅದು ತಾನಾಗಿ ವೋಲ್ಟೇಜ್ ಕೊಡುವುದಿಲ್ಲ. ಆನ್ ಮಾಡಿದಾಗ ತಂತಿಯನ್ನು ಗ್ರೌಂಡಿಗೆ ಸೇರಿಸುತ್ತದೆ, ಅಷ್ಟೇ. ಇದು ಗೊತ್ತಿಲ್ಲದೆ ಮೀಟರು ಹಿಡಿದು ‘ಔಟ್‌ಪುಟ್ಟೇ ಬರ್ತಿಲ್ಲ’ ಎಂದು ತಲೆ ಕೆಡಿಸಿಕೊಳ್ಳುವವರು ಬಹಳ. 12 ವೋಲ್ಟನ್ನು ರಿಲೇಯ ಒಂದು ತುದಿಗೆ ಕೊಟ್ಟು ಇನ್ನೊಂದು ತುದಿಯನ್ನು ಈ ಪಿನ್ನಿಗೆ ತರಬೇಕು. ಕಾಯಿಲ್ಲಿಗೆ ಅಡ್ಡಲಾಗಿ ಒಂದು ಡಯೋಡು ಬೇಕು, ಇಲ್ಲದಿದ್ದರೆ ರಿಲೇ ಬಿಡುವಾಗ ಹುಟ್ಟುವ ವೋಲ್ಟೇಜಿನ ಏಟು ಟ್ರಾನ್ಸಿಸ್ಟರನ್ನು ಕೊಲ್ಲುತ್ತದೆ. ಆ ರಿಲೇ, ಹೆಚ್ಚು ಕರೆಂಟು ತಾಳುವ ದೊಡ್ಡ ರಿಲೇಯಂಥ ಕಾಂಟ್ಯಾಕ್ಟರನ್ನು ಎಳೆಯುತ್ತದೆ, ಕಾಂಟ್ಯಾಕ್ಟರು ಮೋಟರನ್ನು ಓಡಿಸುತ್ತದೆ. ಕಾಂಟ್ಯಾಕ್ಟರಿನಿಂದ ಆಚೆಯದು ಎಲೆಕ್ಟ್ರಿಷಿಯನ್ ಕೆಲಸ.

ತಂತ್ರಾಂಶದ ಕಡೆ ಬರೋಣ. ಲಿನಕ್ಸ್ ಓಡುವ ಹಳೆಯ ರೌಟರುಗಳಲ್ಲಿ ಪ್ರತಿ ಪಿನ್ನೂ ಕೆಲವು ಕಡತಗಳಾಗಿ ಕಾಣುತ್ತದೆ. ‘ಡೈರೆಕ್ಷನ್’ ಎಂಬ ಕಡತದಲ್ಲಿ ‘ಇನ್’ ಎಂದು ಬರೆದರೆ ಇನ್‌ಪುಟ್, ‘ಔಟ್’ ಎಂದರೆ ಔಟ್‌ಪುಟ್. ‘ವ್ಯಾಲ್ಯೂ’ ಕಡತದಲ್ಲಿ 0 ಅಥವಾ 1. ಇದರಲ್ಲೊಂದು ಸೂಕ್ಷ್ಮವಿದೆ. ‘ಔಟ್’ ಎಂದು ಬರೆದ ಕೂಡಲೇ ಪಿನ್ನು ಸಾಮಾನ್ಯವಾಗಿ 0 ಆಗುತ್ತದೆ. 0 ಬಂದಾಗ ಎಳೆಯುವ ರಿಲೇ ಆಗಿದ್ದರೆ, ನೀವು 1 ಬರೆಯುವಷ್ಟರಲ್ಲಿ ಮೋಟರು ಒಮ್ಮೆ ಗಕ್ಕೆಂದು ಜಗ್ಗಿರುತ್ತದೆ. ಅದಕ್ಕೆ ‘ಔಟ್’ ಬದಲು ‘ಹೈ’ ಎಂದು ಬರೆಯಬಹುದು. ದಿಕ್ಕೂ ಮೊದಲ ಸ್ಥಿತಿಯೂ ಒಟ್ಟಿಗೇ ಗೊತ್ತಾಗುತ್ತವೆ. ಹೊಸ ಲಿನಕ್ಸ್‌ನಲ್ಲಿ ಈ ಕಡತಗಳ ಜಾಗಕ್ಕೆ ಬೇರೆ ಏರ್ಪಾಟು ಬಂದಿದೆ, ಮೊದಲ ಸ್ಥಿತಿಯ ಪ್ರಶ್ನೆ ಮಾತ್ರ ಅಲ್ಲೂ ಇದೆ.

ರೌಟರು ಬೂಟ್ ಆಗುವ ಒಂದೆರಡು ನಿಮಿಷ ಪಿನ್ನು ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಆ ಹೊತ್ತಿನಲ್ಲಿ ರಿಲೇ ಬಿಟ್ಟೇ ಇರುವಂತೆ ಟ್ರಾನ್ಸಿಸ್ಟರಿನ ಬುಡಕ್ಕೆ (ಬೇಸ್) ರೆಸಿಸ್ಟರ್ ಹಾಕಬೇಕು. ರೌಟರು ಸತ್ತರೆ ಮೋಟರು ನಿಲ್ಲಬೇಕು, ಓಡುತ್ತಾ ಉಳಿಯಬಾರದು. ಸಾಯದೆ ಬರೀ ಹ್ಯಾಂಗ್ ಆದರೆ? ಅದಕ್ಕೆ ವಾಚ್‌ಡಾಗ್ ಇದೆ: ತಂತ್ರಾಂಶ ಆಗಾಗ ಅದನ್ನು ತಟ್ಟುತ್ತಿರಬೇಕು, ತಟ್ಟುವುದು ನಿಂತರೆ ಅದೇ ರೌಟರನ್ನು ರೀಸ್ಟಾರ್ಟ್ ಮಾಡುತ್ತದೆ. ಕರೆಂಟು ಬಂದ ಕ್ಷಣ ಬಡಾವಣೆಯ ಎಲ್ಲ ಮೋಟರುಗಳೂ ಒಟ್ಟಿಗೆ ಎದ್ದು ವೋಲ್ಟೇಜು ಕುಸಿಯುವುದು ನಮ್ಮ ಹಳ್ಳಿಗಳ ಪಂಪ್‌ಸೆಟ್ಟಿನವರಿಗೆ ಚೆನ್ನಾಗಿ ಗೊತ್ತು. ಐದು ನಿಮಿಷ ತಡೆದು, ಸಂಪು ನೋಡಿ, ಆಮೇಲೆ ಆನ್ ಎಂಬ ನಿಯಮ ಸಾಕು.

ಇಂಥ ನಿಯಮಗಳು ಇರಬೇಕಾದದ್ದು ರೌಟರಿನೊಳಗೆ. ‘ಸಂಪು ಖಾಲಿಯಾದರೆ ಮೋಟರು ನಿಲ್ಲಿಸು’ ಎಂಬ ತೀರ್ಮಾನವನ್ನು ದೂರದ ಸರ್ವರಿಗೆ ಒಪ್ಪಿಸುವುದು ತಪ್ಪು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ನೆಟ್‌ವರ್ಕು ಹೋದ ಗಳಿಗೆಯಲ್ಲೇ ನೀರೂ ಹೋಗಬಹುದು. ಸರ್ವರಿಗೆ ವರದಿ ಹೋಗಲಿ, ನಿಲ್ಲಿಸುವ ಅಧಿಕಾರ ಪಿನ್ನಿನ ಪಕ್ಕದಲ್ಲೇ ಇರಲಿ. ಇನ್ನೊಂದು ತೊಡಕು, ಮೊಬೈಲ್ ಸಿಮ್ಮಿಗೆ ಸಾಮಾನ್ಯವಾಗಿ ಸ್ವಂತದ ಸಾರ್ವಜನಿಕ ಐಪಿ ಸಿಗುವುದಿಲ್ಲ. ಹೊರಗಿನಿಂದ ರೌಟರಿನ ಕದ ತಟ್ಟಲಾಗದು. ರೌಟರೇ ವಿಪಿಎನ್ ಮೂಲಕ ಹೊರಗೆ ಸಂಪರ್ಕ ಹಿಡಿದಿಡಬೇಕು, ಇಲ್ಲವೇ ಎಸ್‌ಎಂಎಸ್ ಆಜ್ಞೆಗೆ ಕಿವಿಗೊಡಬೇಕು. ಎಸ್‌ಎಂಎಸ್ ಆದರೆ ಯಾವ ನಂಬರುಗಳಿಂದ ಬಂದದ್ದನ್ನು ಮಾತ್ರ ಕೇಳಬೇಕೆಂಬ ಪಟ್ಟಿ ಕೊಟ್ಟು, ಪಾಸ್‌ವರ್ಡನ್ನೂ ಇಡಬೇಕು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೌಟರುಗಳಿಗೆ ನುಗ್ಗಿದ್ದು ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸದೆ ಬಿಟ್ಟದ್ದರಿಂದ. ಔಟ್‌ಪುಟ್ಟಿಗೆ ಮೋಟರು ಕಟ್ಟಿರುವಾಗ ನುಗ್ಗಿದವನ ಕೈಗೆ ಸಿಗುವುದು ಬರೀ ಮಾಹಿತಿಯಾಗಿರುವುದಿಲ್ಲ.

ಎಲ್ಲ ಜೋಡಿಸಿದ ಮೇಲೆ ಮೋಟರಿನ ತಂತಿ ಬಿಚ್ಚಿಟ್ಟು, ರಿಲೇಯ ಟಿಕ್ ಸದ್ದಿಗೆ ಕಿವಿಗೊಟ್ಟು ಪರೀಕ್ಷೆ ಮಾಡಬೇಕು. ಫ್ಲೋಟನ್ನು ಕೈಯಿಂದ ಎತ್ತಿ ಇಳಿಸಿ. ಅದರ ತಂತಿ ಕಿತ್ತು ನೋಡಿ. ಸಿಮ್ ತೆಗೆದು ಸಂಪು ಖಾಲಿಯಾದಂತೆ ನಟಿಸಿ. ರಿಲೇ ಎಳೆದಿರುವಾಗಲೇ ರೌಟರಿನ ಪ್ಲಗ್ಗು ಕಿತ್ತು ಮತ್ತೆ ಹಾಕಿ, ಬೂಟ್ ಮುಗಿಯುವ ತನಕ ಅಲ್ಲೇ ನಿಂತು ಕೇಳಿ. ಆ ಒಂದೆರಡು ನಿಮಿಷದಲ್ಲಿ ಒಂದೇ ಒಂದು ಟಿಕ್ ಬಂದರೂ ಮೋಟರಿನ ತಂತಿ ಜೋಡಿಸಬೇಡಿ. ಟ್ರಾನ್ಸಿಸ್ಟರಿನ ಬುಡದ ರೆಸಿಸ್ಟರನ್ನು ಮೊದಲು ನೋಡಿ.