ನಿಮಗಿದು ಗೊತ್ತೆ? ಕಡಲೆ ಗಿಡದ ಹುಳಿ ನಿಮ್ಮ ಮೈಯಲ್ಲೂ ಇದೆ

ಹಿಂಗಾರಿನಲ್ಲಿ ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಹೊಲಕ್ಕಿಳಿದು ಪಲ್ಯಕ್ಕೆಂದು ಕಡಲೆ ಕುಡಿ ಚಿವುಟಿ ಬೆರಳು ನೆಕ್ಕಿದರೆ ನಾಲಗೆ ಚುರ್ ಎನ್ನುತ್ತದೆ. ಎಲೆ, ಕಾಂಡ, ಕಾಯಿಯ ಸಿಪ್ಪೆ ಎಲ್ಲದರ ಮೇಲೂ ನವಿರು ರೋಮಗಳಿವೆ. ಅವುಗಳ ತುದಿಯ ಗ್ರಂಥಿಯಿಂದ ಜಿನುಗುವ ಹನಿಯಲ್ಲಿ ಮುಖ್ಯವಾಗಿ ಇರುವುದು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ. ಎರಡಕ್ಕೂ ಬೇಕಾದದ್ದು ಇಂಗಾಲ, ಜಲಜನಕ, ಆಮ್ಲಜನಕ ಈ ಮೂರೇ ಧಾತು.

ಹಳಬರು ಈ ಹುಳಿ ಹಿಡಿಯುತ್ತಿದ್ದ ಬಗೆ ಬಲು ಸೊಗಸು. ರಾತ್ರಿ ಗಿಡಗಳ ಮೇಲೆ ತೆಳು ಬಟ್ಟೆ ಹಾಸುವುದು. ಇಬ್ಬನಿಯೊಡನೆ ಹುಳಿಯನ್ನೂ ಹೀರಿಕೊಂಡ ಬಟ್ಟೆಯನ್ನು ನಸುಕಿನಲ್ಲೇ ಹಿಂಡಿ ಸೀಸೆಗೆ ತುಂಬುವುದು. ಅಜೀರ್ಣಕ್ಕೆ ಅದು ಮನೆಮದ್ದು. ಗಿಡಕ್ಕೂ ಹುಳಿಯೇ ಕಾವಲು: ಆಕ್ಸಾಲಿಕ್ ಆಮ್ಲ ಕಾಯಿಕೊರಕ ಮರಿಹುಳುವಿನ ಬೆಳವಣಿಗೆ ಕುಗ್ಗಿಸುತ್ತದೆ. ಪೂರ್ತಿ ತಡೆಯುವಷ್ಟು ಬಲ ಅದಕ್ಕಿಲ್ಲ, ಹುಳು ಕಂಡ ರೈತರಿಗೆ ಇದು ಚೆನ್ನಾಗಿ ಗೊತ್ತು.

ಮ್ಯಾಲಿಕ್ ಆಮ್ಲವನ್ನು ಮೊದಲು ಬೇರ್ಪಡಿಸಿದ್ದು 1785ರಲ್ಲಿ, ಸೇಬಿನ ರಸದಿಂದ. ಬೇರ್ಪಡಿಸಿದವನು ಕಾರ್ಲ್ ಷೀಲೆ. ಆದರೆ ನಿಜವಾದ ಅಚ್ಚರಿ ನಮ್ಮೊಳಗೇ ಇದೆ. ಉಂಡ ಅನ್ನದಿಂದ ಜೀವಕೋಶ ಶಕ್ತಿ ಪಡೆಯುವಾಗ ಸುತ್ತುವ ರಾಸಾಯನಿಕ ಚಕ್ರದಲ್ಲಿ ಇದೇ ಆಮ್ಲ ಒಂದು ಹಂತ. 1937ರಲ್ಲಿ ಆ ಚಕ್ರವನ್ನು ವಿವರಿಸಿದ ಹ್ಯಾನ್ಸ್ ಕ್ರೆಬ್ಸ್‌ಗೆ 1953ರಲ್ಲಿ ನೊಬೆಲ್ ಬಂತು. ಸುಲಗಾಯಿ ಬಿಡಿಸಿ ತಿನ್ನುವ ಮಗುವಿನಲ್ಲಿ, ಗಳೆ ಎಳೆಯುವ ಎತ್ತಿನಲ್ಲಿ, ಕಾಯಿ ಕೊರೆಯುವ ಹುಳುವಿನಲ್ಲಿ ಕೂಡ ಮ್ಯಾಲಿಕ್ ಆಮ್ಲ ಈ ಹೊತ್ತಿಗೂ ಹುಟ್ಟುತ್ತ, ಕರಗುತ್ತ ಇದೆ.