ಮಗು ಯಾರ ಬಳಿ ಇರಬೇಕು? ಕೋರ್ಟಿಗೆ ಹೇಳಿಕೆ ಬರೆದುಕೊಡುವ ಬಗೆ



ಗಂಡ ಹೆಂಡಿರು ಬೇರೆಯಾದಾಗ ಹೊಲ, ದನಕರುಗಳನ್ನು ಪಾಲು ಮಾಡಬಹುದು. ಮಗುವನ್ನು ಪಾಲು ಮಾಡಲು ಬಾರದು. ವ್ಯಾಜ್ಯ ಕೋರ್ಟಿಗೆ ಹೋದಾಗ ನ್ಯಾಯಾಧೀಶರು ಮುಖ್ಯವಾಗಿ ನೋಡುವುದು ಮಗುವಿನ ಹಿತವನ್ನು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯಿದೆಯೂ ಹಿಂದೂಗಳಿಗೆ ಅನ್ವಯಿಸುವ 1956ರ ಪಾಲಕತ್ವದ ಕಾಯಿದೆಯೂ ಇದನ್ನೇ ಹೇಳುತ್ತವೆ. 1956ರ ಕಾಯಿದೆಯಂತೆ 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದು.

ಆದುದರಿಂದ ನಿಮ್ಮ ಹೇಳಿಕೆಯಲ್ಲಿ ಜಗಳದ ಕಥೆಗಿಂತ ಮಗುವಿನ ದಿನಚರಿ ಮುಖ್ಯ. ನಿಮಗೆ ಎಷ್ಟು ಎಕರೆ ನೀರಾವರಿ ಇದೆ ಎಂಬುದೊಂದೇ ಸಾಲದು. ವಕೀಲರಲ್ಲಿಗೆ ಹೋಗುವ ಮೊದಲು ಈ ಕೆಳಗಿನವನ್ನು ಬರೆದಿಟ್ಟುಕೊಳ್ಳಿ:

1. ಮಗುವಿನ ಹೆಸರು, ವಯಸ್ಸು, ಈಗ ಇರುವ ಊರು, ಓದುವ ಶಾಲೆ.

2. ಮಗುವಿಗೆ ಉಣಬಡಿಸಿ ಶಾಲೆಗೆ ಕಳುಹಿಸುವವರು ಯಾರು? ಜ್ವರ ಬಂದರೆ ಆಸ್ಪತ್ರೆಗೆ ಒಯ್ಯುವವರು ಯಾರು? ನೀವು ಹೊಲಕ್ಕೆ ಹೋದಾಗ ನೋಡಿಕೊಳ್ಳುವವರು ಯಾರು?

3. ಕಣ್ಣಾರೆ ಕಂಡದ್ದನ್ನೇ ತಾರೀಖಿನೊಡನೆ ಬರೆಯಿರಿ. "ಮಗುವನ್ನು ಸರಿಯಾಗಿ ನೋಡಿಕೊಳ್ಳುವುದಿಲ್ಲ" ಎನ್ನುವುದಕ್ಕಿಂತ "ಜೂನ್ 12ರಿಂದ 8 ದಿನ ಮಗು ಶಾಲೆಗೆ ಹೋಗಲಿಲ್ಲ" ಎಂಬ ಮಾತಿಗೆ ತೂಕ ಹೆಚ್ಚು. ಕುಡಿತ, ಹೊಡೆತಗಳಿಂದ ಮಗುವಿಗೆ ಅಪಾಯವಿದ್ದರೆ ಮುಚ್ಚಿಡಕೂಡದು. ಎಂದು ನಡೆಯಿತು, ಯಾರು ಕಂಡರು ಎಂಬುದನ್ನು ತಿಳಿಸಿ.

4. ಸಾಲದ ಅರ್ಜಿಗೆ ಪಹಣಿ ಲಗತ್ತಿಸುವಂತೆ ನಿಮ್ಮ ಮಾತಿಗೂ ಕಾಗದ ಜೋಡಿಸಿ: ಜನನ ಪತ್ರ, ಶಾಲೆಯ ಹಾಜರಿ, ಲಸಿಕೆಯ ಕಾರ್ಡು, ಆಸ್ಪತ್ರೆಯ ಚೀಟಿ.

5. ಮಗುವನ್ನು ನಿಮಗೆ ಒಪ್ಪಿಸಿದರೆ ಇನ್ನೊಬ್ಬರು ಯಾವ ದಿನ, ಎಲ್ಲಿ ನೋಡಬಹುದೆಂಬುದನ್ನೂ ಸೂಚಿಸಿ. ಮಗುವಿಗೆ ತಾಯಿ ತಂದೆ ಇಬ್ಬರೂ ಬೇಕೆಂಬುದನ್ನು ನೀವು ಅರಿತಿದ್ದೀರೆಂದು ಇದರಿಂದ ತಿಳಿಯುತ್ತದೆ.

ವಕೀಲರು ಇದನ್ನು ಕ್ರಮಸಂಖ್ಯೆ ಹಾಕಿ ಸಿದ್ಧಪಡಿಸುತ್ತಾರೆ. ಓದಿಸಿ ಕೇಳದೆ ರುಜು ಅಥವಾ ಹೆಬ್ಬೆಟ್ಟು ಹಾಕಬೇಡಿ. ಪ್ರಮಾಣ ಮಾಡಿ ಸುಳ್ಳು ಹೇಳುವುದು ಶಿಕ್ಷಾರ್ಹ ಅಪರಾಧ. ಮಗುವಿಗೆ ಮಾತು ಹೇಳಿಕೊಡಲೂ ಬೇಡಿ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ನ್ಯಾಯಾಧೀಶರೇ ಪರಿಗಣಿಸಬಹುದು.

ಸಮನ್ಸ್ ಬಂದರೆ ತಡಮಾಡದೆ ವಕೀಲರನ್ನು ಕಾಣಿರಿ, ವಾಯಿದೆ ತಪ್ಪಿಸಬೇಡಿ. ಫೀಸಿಗೆ ಹಣವಿಲ್ಲವೆಂದು ಹಿಂಜರಿಯುವುದು ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವರಮಾನ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಉಂಟು. ಕಡಿಮೆ ವರಮಾನದ ಇತರರಿಗೂ ದೊರೆಯುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿರಿ.

— ಗ್ರಾಮಸೇವಕ